ಉಡುಪಿ, ಮಂಗಳೂರು ಕಡೆ ಸುರಂಗ ಇರುವ ಹಳೆ ಮನೆ ನೋಡಲು ಸಿಗುತ್ತದಾ?

ನೀವು ಕೇಳಿದ್ದು ಇಷ್ಟು: ಡಿಸೆಂಬರಿನಲ್ಲಿ ಮಕ್ಕಳ ಜೊತೆ ಎರಡು ದಿನಕ್ಕೆ ಬರುತ್ತೀರಿ, ಸರಿಮಾಡಿ ಚೆನ್ನಾಗಿ ಇಟ್ಟಿರುವ ಹಳೆ ಮನೆ ನೋಡಬೇಕು, ಅದರಡಿ ಸುರಂಗ ಇದ್ದರೆ ಇನ್ನೂ ಒಳ್ಳೆಯದು. ನಾನು ಉಡುಪಿಯವನೇ. ಎರಡೂ ಸಿಗುತ್ತವೆ, ಆದರೆ ಒಂದೇ ಕಡೆ ಅಲ್ಲ.

ಮೊದಲಿಗೆ ಗುಟ್ಟಿನ ಸುರಂಗದ ಆಸೆ ಬಿಟ್ಟುಬಿಡಿ. ನಮ್ಮಲ್ಲಿ ದೊಡ್ಡ ಮನೆ ಎಂದಮೇಲೆ ಒಂದು ಕತೆ ಇದ್ದೇ ಇರುತ್ತದೆ: ‘ಇಲ್ಲಿಂದ ದೇವಸ್ಥಾನದ ತನಕ ಸುರಂಗ ಇತ್ತಂತೆ, ಈಗ ಮುಚ್ಚಿದ್ದಾರಂತೆ.’ ನನ್ನ ಅಜ್ಜಿಮನೆಗೂ ಇತ್ತು. ಚಿಕ್ಕವರಿದ್ದಾಗ ಭತ್ತದ ಕೋಣೆಯ ಮೂಲೆಯ ಕಲ್ಲು ಎತ್ತಿ ನೋಡಿದ್ದೆವು. ಸಿಕ್ಕಿದ್ದು ಒಂದು ಚೇಳು. ಮಂಗಳೂರಿನ ಬೋಳೂರಿನಲ್ಲಿ 1784ರ ಸುಲ್ತಾನ್ ಬತ್ತೇರಿ ಇದೆ, ಅದರ ಕೆಳಗೆ ಮದ್ದುಗುಂಡು ಇಡುತ್ತಿದ್ದರು ಎನ್ನುತ್ತಾರೆ. ಅದು ಕಾವಲು ಗೋಪುರ, ಹದಿನೈದು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಹೊಳೆಯ ಗಾಳಿಗೆ ಹೋಗಬಹುದು.

ಮನೆ ನೋಡಬೇಕೆಂದರೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿ. ಉಡುಪಿಯಿಂದ ಐದಾರು ಕಿಲೋಮೀಟರ್, ಸಿಟಿ ಬಸ್ಸು ಬೇಕಾದಷ್ಟಿವೆ. ಇದನ್ನು ಕಟ್ಟಿದವರು ವಿಜಯನಾಥ ಶೆಣೈ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ಜನ ಹಳೆ ಮನೆ ಕೆಡವಿ ಕಂಬ, ಬಾಗಿಲು ಮಾರುತ್ತಿದ್ದ ಕಾಲದಲ್ಲಿ ಅವನ್ನೆಲ್ಲ ತಂದು ತಮ್ಮದೇ ಮನೆ ಕಟ್ಟಿಕೊಂಡರು. ಆಮೇಲೆ ಆ ಹುಚ್ಚು ದೊಡ್ಡದಾಯಿತು. ಇಡೀ ಇಡೀ ಮನೆಗಳನ್ನೇ ಬಿಚ್ಚಿ ತರಿಸಿದರು. 2017ರಲ್ಲಿ ಅವರು ತೀರಿಕೊಂಡರು.

ಬಿಚ್ಚಿ ತರುವುದು ಎಂದರೆ ಹೇಗೆ ಅಂತ ನನಗೂ ಅನುಮಾನ ಇತ್ತು. ಹಳೆ ಮರದ ಮನೆಯಲ್ಲಿ ಮೊಳೆಯ ಕೆಲಸ ಕಮ್ಮಿ. ಒಂದು ತುಂಡಿನ ಕಚ್ಚು ಇನ್ನೊಂದರ ತೂತಿಗೆ ಕೂರುತ್ತದೆ. ಹಾಗಾಗಿ ಪ್ರತಿ ತುಂಡಿಗೂ ನಂಬರ್ ಹಾಕಿ ಬಿಚ್ಚಿದರೆ ಇನ್ನೊಂದು ಕಡೆ ಅದೇ ಮನೆ ಎದ್ದು ನಿಲ್ಲುತ್ತದೆ. ಕುಂಜೂರಿನ ಚೌಕಿ ಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್ ಎಲ್ಲ ಹೀಗೇ ಬಂದು ಕೂತಿವೆ. ಅರಮನೆ ಎದುರು ಎಲ್ಲರೂ ಬಾಯಿ ಬಿಡುತ್ತಾರೆ. ನನಗೆ ಮಾತ್ರ ಚೌಕಿ ಮನೆಯೇ ಹಿಡಿಸಿದ್ದು. ನಾಲ್ಕೂ ಕಡೆ ಜಗಲಿ, ನಡುವೆ ತೆರೆದ ಅಂಗಳ, ತಲೆ ಮೇಲೆ ಮರದ ಮುಚ್ಚಿಗೆ. ಹೊರಗೆ ಉರಿಬಿಸಿಲು, ಒಳಗೆ ಕಾಲಿಟ್ಟರೆ ತಣ್ಣಗೆ. ಒಂದೇ ಬೇಜಾರು, ಒಲೆಯ ಹೊಗೆ ಇಲ್ಲ, ಮನೆ ಮಂದಿಯ ಗದ್ದಲ ಇಲ್ಲ.

ಒಬ್ಬರು ಜೊತೆಗೆ ಬಂದು ತೋರಿಸುತ್ತಾರೆ, ಸುಮ್ನೆ ಸುತ್ತಾಡಲು ಬಿಡುವುದಿಲ್ಲ. ಸಮಯ, ಟಿಕೆಟ್, ಫೋಟೊ ನಿಯಮ ಎಲ್ಲ ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನನ್ನ ಏಳು ವರ್ಷದ ಮಗ ಮೂರನೇ ಮನೆಗೇ ‘ಸಾಕು’ ಎಂದ. ಹಾಗಾಗಿ ಹೊಟ್ಟೆ ತುಂಬಿಸಿಯೇ ಕರೆದುಕೊಂಡು ಹೋಗಿ.

ಈಗ ಸುರಂಗ. ನಮ್ಮ ಜಿಲ್ಲೆಗಳಲ್ಲಿ, ಅದರಲ್ಲೂ ಬಂಟ್ವಾಳ ತಾಲೂಕಿನ ಗಡಿ ಊರುಗಳಲ್ಲಿ, ಕಾಸರಗೋಡಿನಲ್ಲಿ ಸುರಂಗ ಅಂದರೆ ನೀರು. ರಾಜ ಓಡಿಹೋಗುವ ದಾರಿ ಅಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ ಕೊರೆಯುತ್ತಾರೆ. ಒಸರು, ಅಂದರೆ ಜಿನುಗುವ ನೀರು, ಸಿಕ್ಕಿದ ಮೇಲೆ ಪಂಪು, ಕರೆಂಟು ಏನೂ ಬೇಡ, ನೀರು ತಾನೇ ಹರಿದು ತೋಟಕ್ಕೆ ಬರುತ್ತದೆ. ಉದ್ದ ಅಳೆಯುವುದು ಕೋಲಿನಲ್ಲಿ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಕೊರೆಯುವವರು ದೀಪ ಇಟ್ಟುಕೊಂಡು ಹೋಗುತ್ತಿದ್ದರು. ದೀಪ ಆರಿತೋ, ಒಳಗೆ ಗಾಳಿ ಇಲ್ಲ, ಹೊರಗೆ ಬರಬೇಕು.

ಅಡ್ಯನಡ್ಕ ಹತ್ತಿರದ ಅಮೈ ಮಹಾಲಿಂಗ ನಾಯ್ಕರ ಹೆಸರು ಕೇಳಿರಬಹುದು. ಹಗಲು ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ಒಬ್ಬರೇ ಬೋಳುಗುಡ್ಡ ಕೊರೆದವರು. ಐದು ಸುರಂಗದಲ್ಲಿ ನೀರಿಲ್ಲ, ಆರನೆಯದರಲ್ಲಿ ಬಂತು. 2022ರಲ್ಲಿ ಪದ್ಮಶ್ರೀ ಬಂತು. ಐದು ಸಲ ಸೋತ ಮೇಲೂ ಪಿಕ್ಕಾಸು ಎತ್ತಿದ್ದಾರಲ್ಲ, ನನಗೆ ಅದೇ ದೊಡ್ಡದು.

ವಿಟ್ಲದ ಆಚೆ ನೆಂಟರ ತೋಟದಲ್ಲಿ ನಾನೊಮ್ಮೆ ಒಳಗೆ ಹೋಗಿದ್ದೆ. ಪಾದ ಮುಳುಗುವಷ್ಟು ನೀರು, ಕೈಯಲ್ಲಿ ಟಾರ್ಚು. ಹತ್ತು ಹೆಜ್ಜೆಗೆ ಹೆಂಡತಿ ವಾಪಸ್. ಇಪ್ಪತ್ತಕ್ಕೆ ಬಾವಲಿ ಮುಖದ ಹತ್ತಿರವೇ ಹಾರಿತು, ನಾನು ಬಗ್ಗುವ ಬದಲು ನೆಟ್ಟಗಾಗಿ ತಲೆ ಬಡಿಸಿಕೊಂಡೆ. ಆಗ ಕೈ ಊರಿದ ಗೋಡೆ ನೋಡಿದೆ. ಅದೇ ಮುರಕಲ್ಲು, ಕೆಂಪು ಜಂಬಿಟ್ಟಿಗೆ. ಅಜ್ಜಿಮನೆಯ ಗೋಡೆಯ ಕಲ್ಲು. ನೆಲದೊಳಗೆ ಇರುವಾಗ ಮೆತ್ತಗೆ, ಪಿಕ್ಕಾಸಿಗೆ ಕೊಡುತ್ತದೆ. ಗಾಳಿ ಸೋಕಿದರೆ ಗಟ್ಟಿ. ಮನೆ ಕಟ್ಟಿದ್ದೂ ಅದಕ್ಕೇ, ಸುರಂಗ ಕುಸಿಯದೆ ನಿಂತಿದ್ದೂ ಅದಕ್ಕೇ.

ಹಾಗಾಗಿ ಒಂದು ದಿನ ಮಣಿಪಾಲ, ಇನ್ನೊಂದು ದಿನ ಮಂಗಳೂರು, ಬಿ.ಸಿ.ರೋಡ್ ದಾಟಿ ವಿಟ್ಲದ ಕಡೆ. ದೂರ ಜಾಸ್ತಿ, ಬೆಳಿಗ್ಗೆ ಬೇಗ ಹೊರಡಿ. ಸುರಂಗ ಇರುವುದು ಜನರ ಸ್ವಂತ ತೋಟದಲ್ಲಿ, ಅದಕ್ಕೆ ಟಿಕೆಟ್ ಕೌಂಟರ್ ಇರುವುದಿಲ್ಲ. ಪರಿಚಯದವರ ಮೂಲಕ ಕೇಳಿಕೊಂಡೇ ಹೋಗಬೇಕು. ಅದು ಅವರು ಕುಡಿಯುವ ನೀರು, ಚಪ್ಪಲಿ ಹೊರಗೇ ಬಿಡಿ. ಮಕ್ಕಳಿಗೆ ಬಾಯಿಯ ಹತ್ತಿರ ನಿಂತು ನೋಡಿದರೆ ಸಾಕು. ಮಳೆಗಾಲದಲ್ಲಂತೂ ಯಾರೂ ಒಳಗೆ ಹೋಗಬಾರದು, ನೀವು ಬರುವುದು ಡಿಸೆಂಬರಿನಲ್ಲಿ, ಒಳ್ಳೆಯದಾಯಿತು. ಬಿಳಿ ಬಟ್ಟೆ ಹಾಕಬೇಡಿ. ನನ್ನ ಪಂಚೆಯ ಕೆಂಪು ಇನ್ನೂ ಹೋಗಿಲ್ಲ.