ಗೋದಲಿಗೆ ಜಾಗ ಇಲ್ಲದ ಮನೆ

ಅಕ್ಕಾವ್ರೆ, ನಮಸ್ಕಾರ.

ನಿಮ್ಮ ಪತ್ರ ಬಂದು ಎರಡು ವಾರ ಆಯಿತು. ಉತ್ತರ ತಡವಾಯಿತು, ಕ್ಷಮಿಸಿ. ಬೇರೆ ಓದುಗರಿಗೂ ತಿಳಿಯಲಿ ಅಂತ ನಿಮ್ಮ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮದು ಬಾದಾಮಿ ತಾಲೂಕು, ಮಲಪ್ರಭೆ ದಂಡೆಯ ಊರು. 2019ರ ಆಗಸ್ಟ್ ನೆರೆಯಲ್ಲಿ ಮಾಳಿಗೆ ಮನೆ ಬಿತ್ತು. ಸರ್ಕಾರದ ಪರಿಹಾರದ ಮೊದಲ ಕಂತಿನಲ್ಲಿ ಪಾಯ ಎದ್ದಿತು, ಆಮೇಲೆ ಕೆಲಸ ನಿಂತೇ ಹೋಯಿತು. ಮಗ ದಿಬ್ಬದ ಮೇಲಿನ ನವಗ್ರಾಮಕ್ಕೆ, ಅಂದರೆ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಮಾಡಿದ ಹೊಸ ಊರಿಗೆ, ಹೋಗೋಣ ಅನ್ನುತ್ತಾನೆ. ಯಜಮಾನರು ಎಮ್ಮೆ, ಹೊಲ ಬಿಟ್ಟು ಬರೋದಿಲ್ಲ ಅನ್ನುತ್ತಾರೆ. "ನೇಪಾಳದವರು ಭೂಕಂಪ ಆದ ಮೇಲೆ ಮನೆ ಕಟ್ಟಿಕೊಂಡರು ಅಂತ ಬರೆದಿರಿ. ಅವರೂ ನಮ್ಮ ಹಾಗೆ ಬಡವರೇ. ಅವರಿಗೆ ಆದದ್ದು ನಮಗ್ಯಾಕೆ ಆಗಲಿಲ್ಲ?" ಎಂದು ಕೇಳಿದ್ದೀರಿ.

ಅವರಿಗೂ ಸುಲಭಕ್ಕೆ ಆಗಲಿಲ್ಲ ಅಕ್ಕಾವ್ರೆ. 2015ರ ಏಪ್ರಿಲ್ 25ರಂದು ಭೂಮಿ ನಡುಗಿ ಸುಮಾರು 9,000 ಜನ ಸತ್ತರು. ಅವತ್ತು ಶನಿವಾರ. ಅಲ್ಲಿ ವಾರದ ರಜೆ ಶನಿವಾರವೇ, ಹಾಗಾಗಿ ಶಾಲೆಗಳು ಬಿದ್ದರೂ ಒಳಗೆ ಮಕ್ಕಳಿರಲಿಲ್ಲ. ಮನೆ ಕಟ್ಟಿಸುವ ಕೆಲಸ ನೋಡಿಕೊಳ್ಳಲು ಒಂದು ಪ್ರಾಧಿಕಾರ ಶುರುವಾಗುವಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಗುಡ್ಡದ ಊರುಗಳ ಜನ ಆ ಚಳಿಯನ್ನು ತಗಡಿನ ಕೆಳಗೆ ಕಳೆದರು.

ಆಮೇಲೆ ದುಡ್ಡು ಸೀದಾ ಮನೆಯವರ ಖಾತೆಗೇ ಬಂತು. ಒಂದು ಮನೆಗೆ 3 ಲಕ್ಷ ನೇಪಾಳಿ ರೂಪಾಯಿ. ನಮ್ಮ ಲೆಕ್ಕದಲ್ಲಿ 2 ಲಕ್ಷಕ್ಕೂ ಕಡಿಮೆ. ಮೊದಲು 50,000, ಪಾಯ ಮುಗಿದ ಮೇಲೆ 1,50,000, ಗೋಡೆ ಎದ್ದ ಮೇಲೆ ಉಳಿದ 1 ಲಕ್ಷ. ಅದು ಯಾರಿಗೂ ಸಾಲಲಿಲ್ಲ. ಸಾಲ ಮಾಡಿದರು. ಕಂತು ತಪ್ಪಬಾರದು ಅಂತ ಎಷ್ಟೋ ಜನ ಒಂದೇ ಕೋಣೆ ಕಟ್ಟಿ ಮುಗಿಸಿದರು. ಆದರೆ ಒಂದು ಕೆಲಸ ಚೆನ್ನಾಗಿ ಆಯಿತು. ಎಂಜಿನಿಯರ್‌ಗಳು ಹಳ್ಳಿಗೇ ಬಂದು ಪಾಯ, ಗೋಡೆ ನೋಡಿದರು. ಊರಿನ ಗೌಂಡಿಗಳಿಗೆ ತರಬೇತಿ ಕೊಟ್ಟರು, ಹೆಣ್ಣುಮಕ್ಕಳೂ ಕಲಿತರು. ಹಳೆಯ ಕಲ್ಲುಗೋಡೆಗೆ ಒಳಗೊಂದು ಮೈ, ಹೊರಗೊಂದು ಮೈ, ನಡುವೆ ಜಲ್ಲಿ ಮಣ್ಣು. ನಡುಗಿದಾಗ ಎರಡೂ ಬಿಚ್ಚಿಕೊಂಡು ಬೀಳುತ್ತವೆ. ಅದಕ್ಕೆ ಎರಡೂ ಮೈಗೆ ತಾಗುವ ಹಾಗೆ ಅಲ್ಲಲ್ಲಿ ಉದ್ದ ಕಲ್ಲು ಇಡಬೇಕು, ಕಿಟಕಿಯ ಕೆಳಗೆ, ಮೇಲೆ ಸುತ್ತಲೂ ಕಟ್ಟಿಗೆಯದೋ ಕಾಂಕ್ರೀಟಿನದೋ ಪಟ್ಟಿ ಹಾಕಬೇಕು. ಇಷ್ಟನ್ನು ಗೌಂಡಿಯ ಕೈಗೆ ಕಲಿಸಿದರು. ಬಾದಾಮಿ ಕಡೆ ಕಲ್ಲು ಕಟ್ಟುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ, ಅಲ್ವಾ?

ಅವರಲ್ಲಿ ಹೆಚ್ಚಿನವರು ಹಳೆಯ ಜಾಗದಲ್ಲೇ ಕಟ್ಟಿಕೊಂಡರು. ಯಜಮಾನರು ಹೇಳುವುದೂ ಅದನ್ನೇ. ಆದರೆ ಇಲ್ಲಿ ನಾನು ನಿಮ್ಮ ಮಗನ ಕಡೆ. ಭೂಕಂಪಕ್ಕೆ ಗೋಡೆ ಗಟ್ಟಿ ಮಾಡಿಕೊಳ್ಳಬಹುದು. ಹೊಳೆ ಹಾಗಲ್ಲ, ಅದು ಬಂದ ದಾರಿಗೇ ಮತ್ತೆ ಬರುತ್ತದೆ. 2009ರಲ್ಲೂ ಬಂತು, 2019ರಲ್ಲೂ ಬಂತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೇ ನೀರು ನಿಂತದ್ದನ್ನು ನೀವೂ ಕಂಡಿರಬೇಕು. ಮಣ್ಣಿನ ಗೋಡೆಯ ಬುಡ ಒಮ್ಮೆ ನೆನೆದರೆ ಮುಗಿಯಿತು.

ಹಾಗಂತ ಯಜಮಾನರ ಮಾತು ಸುಮ್ನೆ ಹಟ ಅಲ್ಲ. 2009ರ ನೆರೆಯ ನಂತರ ಕಟ್ಟಿದ ಒಂದು ನವಗ್ರಾಮಕ್ಕೆ ನಾನು ಹೋಗಿದ್ದೆ. ಒಂದು ಮನೆಯ ಬಾಗಿಲು ತೆರೆದಿತ್ತು. ಯಾರಾದರೂ ಇದ್ದಾರೆಯೇ ಅಂತ ಇಣುಕಿದರೆ ಒಳಗೆ ಮಾಡಿನವರೆಗೆ ಜೋಳದ ಕಣಿಕೆ. ಅಡುಗೆ ಕಟ್ಟೆಯ ಮೇಲೆ ಹಗ್ಗ, ಮೂಲೆಯಲ್ಲಿ ಕೂರಿಗೆ. ಮನೆಯವರು ಹಳೆಯ ಊರಲ್ಲೇ ಇದ್ದರು, ಎಮ್ಮೆಯ ಜೊತೆಗೆ. ಆ ಮನೆಗೆ ಗೋದಲಿ ಇರಲಿಲ್ಲ, ಹಿಂದೆ ಬಣವೆ ಒಟ್ಟಲು ಜಾಗ ಇರಲಿಲ್ಲ. ಪಕ್ಕದ ಮನೆ ಯಾರದೋ, ಗುರುತಿಲ್ಲದವರದು. ನನಗೆ ಆ ಮನೆ ಇವತ್ತಿಗೂ ಕಣ್ಣ ಮುಂದಿದೆ. ಸಿಮೆಂಟಿಗೆ ಖರ್ಚು ಮಾಡಿದ ಸರ್ಕಾರ ಎಮ್ಮೆ ಎಲ್ಲಿ ಕಟ್ಟುತ್ತೀರಿ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪ ನಮ್ಮ ವಿಜಯಪುರದ ಹಿರಿಯರಿಗೆ ನೆನಪಿದೆ. ಅಲ್ಲೂ ಊರಿಗೆ ಊರೇ ಎತ್ತಿ ಬೇರೆ ಕಡೆ ಕಟ್ಟಿದರು. ರಸ್ತೆ ಅಗಲವಾಯಿತು, ಮನೆಗಳು ಸಾಲಾಗಿ ನಿಂತವು. ಹಳೆಯ ಓಣಿ ಮಾತ್ರ ಮತ್ತೆ ಬರಲಿಲ್ಲ.

ಆದ್ದರಿಂದ ನೀವೊಬ್ಬರೇ ಹೋಗಬೇಡಿ. ಇಡೀ ಓಣಿಯವರು ಒಟ್ಟಿಗೆ ಕೂತು ಒಂದೇ ಅರ್ಜಿ ಬರೆಯಿರಿ. ಓಣಿಯವರಿಗೆಲ್ಲ ಅಕ್ಕಪಕ್ಕವೇ ಜಾಗ ಕೊಡಿ, ದನ ಕಟ್ಟಲು, ಮೇವು ಒಟ್ಟಲು ಹಿತ್ತಲು ಬಿಡಿ, ಹೊಲಕ್ಕೆ ಬಂಡಿ ಹೋಗುವ ದಾರಿ ಮಾಡಿಕೊಡಿ ಅಂತ ಕೇಳಿ. ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ಬರೆಸಿ. ನಿಂತ ಕಂತಿನದ್ದು ಬೇರೆ ಅರ್ಜಿ. ಅದಕ್ಕೆ ಪಾಯದ ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಲಗತ್ತಿಸಿ, ಸ್ವೀಕೃತಿ ತೆಗೆದುಕೊಳ್ಳದೆ ಕಚೇರಿಯಿಂದ ಏಳಬೇಡಿ.

ಅರ್ಜಿ ಬರೆಯುವಾಗ ಯಜಮಾನರನ್ನೂ ಕೂರಿಸಿಕೊಳ್ಳಿ. ಗೋದಲಿ ಎಷ್ಟು ಉದ್ದ ಬೇಕು ಅಂತ ಅವರೇ ಹೇಳಲಿ. ಒಂದು ಪ್ರತಿ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲೇ ಅಚ್ಚು ಹಾಕುತ್ತೇವೆ.

ನಿಮ್ಮ
ಸಂಪಾದಕ