ಗುಂಡಿ ತೋಡಿದರೆ 370, ಗುಂಡಿಯಲ್ಲಿ ಕೂತರೆ 225

ಮೊನ್ನೆ ಫೋನಿನಲ್ಲಿ ನೀನು ನಗುತ್ತಾ ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ನಿಮ್ಮಪ್ಪ ರೇಷ್ಮೆ ಸೀರೆ ನೇಯ್ತಾರೆ, ಒಂದೊಂದು ಸೀರೆ 18 ಸಾವಿರ. ನೀನು ಡಿಗ್ರಿ ಕಾಲೇಜಲ್ಲಿ ಲೆಕ್ಚರರ್. ನಿಮ್ಮತ್ತಿಗೆದು ಗೌರ್ಮೆಂಟ್ ಕೆಲಸ. ಆದ್ರೂ ಯಾವಾಗ ನೋಡಿದ್ರೂ ಗೊಣಗ್ತಾನೇ ಇರ್ತೀಯಲ್ಲೋ. ನಮ್ಮ ತಂಗಿ ಮದುವೆಗೆ ನಿಮ್ಮ ಮನೆಯಿಂದ್ಲೇ ಅರ್ಧ ರೇಟಿಗೆ ಒಂದು ಸೀರೆ ಕೊಡಿಸು. ಅದಿರ್ಲಿ, ಮನೇಲಿ ತೆಲುಗು ಮಾತಾಡ್ತೀರಲ್ಲ, ನೀವು ಅಸಲಿಗೆ ಕರ್ನಾಟಕದವರಾ, ಆಂಧ್ರದವರಾ?"

ಒಂದೇ ಉಸಿರಿಗೆ ಇಷ್ಟು ಕೇಳಿದರೆ ಫೋನಿನಲ್ಲಿ ಹೇಗೆ ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ.

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಸುಲಭ. ನಮ್ಮೂರು ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ನಮಗೆ ಚಿತ್ರದುರ್ಗ ದೂರ, ಬಳ್ಳಾರಿ ಅದಕ್ಕಿಂತ ಹತ್ತಿರ, ಆಂಧ್ರದ ರಾಯದುರ್ಗ ಇನ್ನೂ ಹತ್ತಿರ. ನಮ್ಮಜ್ಜಿ ರಾಯದುರ್ಗದಿಂದ ಸೊಸೆಯಾಗಿ ಬಂದಾಗ ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಆಂಧ್ರಕ್ಕೆ ಸೇರಿತು. ತವರು ಬೇರೆ ರಾಜ್ಯ ಆಯ್ತು ಅಂತ ಅಜ್ಜಿಗೆ ಗೊತ್ತಾಗಿದ್ದು ಬಸ್ಸಿನ ಬೋರ್ಡು ಬದಲಾದ ಮೇಲೆ. ನಮ್ಮ ಮನೆಯಲ್ಲಿ ಜಗಳ ತೆಲುಗಿನಲ್ಲಿ, ಲೆಕ್ಕ ಕನ್ನಡದಲ್ಲಿ, ದೇವರ ಹತ್ತಿರ ಎರಡರಲ್ಲೂ. ನಾನು ಪಾಠ ಹೇಳುವುದು ಕನ್ನಡವನ್ನೇ. ನಿಮ್ಮ ಮೈಸೂರು ಕಡೆಯವರು ನನ್ನ ಉಚ್ಚಾರ ಕೇಳಿ ನಕ್ಕರೆ ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಅಶೋಕನ ಶಾಸನ ಇದೆ. ಅವನ್ನು ಬರೆದ ಚಪಡ ಎಂಬವನು ತನ್ನ ಕೆಲಸದ ಹೆಸರನ್ನು ದೂರದ ವಾಯವ್ಯ ಗಡಿಯ ಕಡೆಯ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಹೊರಗಿನ ಲಿಪಿ, ಹೊರಗಿನ ಮಾತು ಬಂಡೆಯ ಮೇಲೇ ಕೂತಿರುವ ಊರಿನವರನ್ನು "ನೀವು ಯಾವ ಕಡೆಯವರು" ಅಂತ ಕೇಳಿದರೆ ಏನು ಹೇಳೋಣ.

ಇನ್ನು ದುಡ್ಡಿನ ವಿಷಯ.

ನನ್ನದು ಬೇಗ ಮುಗಿಸುತ್ತೇನೆ. ನಾನು ಅತಿಥಿ ಉಪನ್ಯಾಸಕ. "ಅತಿಥಿ" ಅನ್ನುವ ಶಬ್ದ ಹೆಣ್ಣು ಕೊಡುವವರ ಕಿವಿಗೆ ಬೀಳುವುದಿಲ್ಲ, "ಉಪನ್ಯಾಸಕ" ಅಷ್ಟೇ ಬೀಳುತ್ತದೆ. ಮದುವೆ ಮಾತುಕತೆಯಲ್ಲಿ ನನ್ನ ಸಂಬಳ 80 ಸಾವಿರ ಅಂತ ಅವರೇ ಲೆಕ್ಕ ಹಾಕಿಕೊಂಡಿದ್ದರು. ಆಗ ನನಗೆ ಬರುತ್ತಿದ್ದದ್ದು 13 ಸಾವಿರ. 2022ರ ಜನವರಿಯಲ್ಲಿ ಸರ್ಕಾರ ಅದನ್ನು 32 ಸಾವಿರ ಮಾಡಿತು, ಸುಳ್ಳು ಹೇಳಬಾರದು, ಅದು ದೊಡ್ಡದೇ. ಆದರೆ ರಜೆಯಲ್ಲಿ ಅತಿಥಿಗೆ ಊಟ ಇಲ್ಲ. ವರ್ಷಕ್ಕೆ ಹತ್ತು ತಿಂಗಳು ಎಂದುಕೋ. ಮುಂದಿನ ವರ್ಷ ನಾನು ಇರುತ್ತೇನೋ ಇಲ್ಲವೋ ಅನ್ನುವುದು ಪ್ರತಿ ವರ್ಷ ಕೌನ್ಸೆಲಿಂಗ್ ಆದ ಮೇಲೆ ಗೊತ್ತಾಗುತ್ತದೆ.

ಅತ್ತಿಗೆ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು ಹೊರಟರೆ ಬೀದಿಯವರೆಲ್ಲ "ಮೇಡಂ" ಅನ್ನುತ್ತಾರೆ, ಸರ್ಕಾರಿ ಸಂಬಳ ಅಂದುಕೊಳ್ಳುತ್ತಾರೆ. ಅದು ಸಂಬಳ ಅಲ್ಲ, ಗೌರವಧನ. ಹೆಸರಿನಲ್ಲೇ ಗೌರವ ತುಂಬಿಬಿಟ್ಟರೆ ಧನಕ್ಕೆ ಜಾಗ ಎಲ್ಲಿ ಉಳಿಯುತ್ತದೆ ಹೇಳು. ರಾಯದುರ್ಗದಲ್ಲಿ ಇದೇ ಕೆಲಸ ಮಾಡುವ ನಮ್ಮ ಮಾವನ ಸೊಸೆಗೆ 2019ರಲ್ಲೇ ತಿಂಗಳಿಗೆ 10 ಸಾವಿರ ಆಯಿತು. ನಮ್ಮ ಕಡೆ ಆ 10 ಸಾವಿರ ಒಪ್ಪಿಕೊಳ್ಳಲಿಕ್ಕೆ 2025ರ ಜನವರಿ ಬರಬೇಕಾಯಿತು, ಅದೂ ಸಾವಿರಾರು ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತ ಮೇಲೆ. ಅತ್ತಿಗೆಯೂ ಹೋಗಿದ್ದರು. ಬಂದ ಮೇಲೆ ಒಂದು ವಾರ ಗಂಟಲೇ ಬಿಟ್ಟಿರಲಿಲ್ಲ.

ಸರಿ, ಈಗ ಸೀರೆ. ನನ್ನ ತಲೆ ಕೆಡಿಸುವುದು ಇದೊಂದೇ.

ನಮ್ಮ ಮನೆಯ ಮಗ್ಗ ಗುಂಡಿ ಮಗ್ಗ. ನಡುಮನೆಯಲ್ಲೇ ನೆಲ ತೋಡಿ ಕೂರಿಸಿದ್ದು. ಅಪ್ಪ ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿಯುತ್ತಾರೆ. ನೋಡುವವರಿಗೆ ನೆಲದ ಮೇಲೆ ಅರ್ಧ ಮನುಷ್ಯ ಕೂತ ಹಾಗೆ ಕಾಣುತ್ತದೆ. ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇದ್ದರೆ ಅಡ್ಡ ನೂಲು ಹಾಯಿಸುವ ಲಾಳಿ ಮೂರು ಬೇಕು, ಒಡಲಿಗೊಂದು, ಎರಡು ಅಂಚಿಗೆ ಒಂದೊಂದು. ಮೂರು ಲಾಳಿಗೆ ಒಬ್ಬರ ಕೈ ಸಾಲದು. ಅದಕ್ಕೆ ಅಮ್ಮ ಪಕ್ಕದಲ್ಲಿ ಕೂತು ಆ ಕಡೆಯ ಅಂಚಿನ ಲಾಳಿ ದಾಟಿಸಬೇಕು. ಅಪ್ಪ ಒಂದು ಎಳೆ ಹೊಡೆದರೆ ಅಮ್ಮ ಒಂದು ಸಲ ಕೈ ಚಾಚಬೇಕು. ದಿನವಿಡೀ ಹೀಗೆ. ಅಮ್ಮನ ಬಲಗೈ ತೋರುಬೆರಳಿನಲ್ಲಿ ರೇಷ್ಮೆ ಎಳೆ ಕೊರೆದ ಒಂದು ಸಣ್ಣ ಗೆರೆ ಇದೆ, ಚಿಕ್ಕವನಿದ್ದಾಗ ಅದನ್ನು ಹಸ್ತರೇಖೆ ಅಂತಲೇ ಅಂದುಕೊಂಡಿದ್ದೆ.

ಹೂ ಬುಟ್ಟಾ, ಜರಿ ಸೆರಗು ಇರುವ ಒಂದು ಸೀರೆಗೆ ನಮ್ಮಲ್ಲಿ ಹತ್ತು ದಿನ ಹಿಡಿಯುತ್ತದೆ. ರೇಷ್ಮೆ ನಮ್ಮದಲ್ಲ, ಜರಿ ನಮ್ಮದಲ್ಲ, ಡಿಸೈನ್ ಕೂಡ ನಮ್ಮದಲ್ಲ. ಎಲ್ಲ ನಮಗೆ ನೇಯ್ಗೆ ಕೆಲಸ ಕೊಡುವ ಸಾಹುಕಾರರದು. ಮಗ್ಗ, ಮೈ, ಮನೆ ಮಾತ್ರ ನಮ್ಮದು. ಸೀರೆ ಒಪ್ಪಿಸಿದರೆ ಕೂಲಿ 4,500. ನೀನು ಕೇಳಿದ 18 ಸಾವಿರದಲ್ಲಿ ನಮ್ಮ ಪಾಲು ಇಷ್ಟು. ಉಳಿದದ್ದು ರೇಷ್ಮೆಗೆ, ಜರಿಗೆ, ಬಣ್ಣಕ್ಕೆ, ಸಾಹುಕಾರರಿಗೆ, ಆಮೇಲೆ ನಿಮ್ಮ ಕಡೆಯ ಏಸಿ ಹಾಕಿದ ಅಂಗಡಿಗೆ.

"ಹತ್ತು ದಿನಕ್ಕೆ 4,500 ಅಂದ್ರೆ ದಿನಕ್ಕೆ 450, ಪರವಾಗಿಲ್ವಲ್ಲ" ಅಂತ ನೀನು ಈಗಾಗಲೇ ಭಾಗಿಸಿಬಿಟ್ಟಿರುತ್ತೀಯ. ಎಲ್ಲರೂ ಅಲ್ಲೇ ತಪ್ಪುವುದು. ಮಗ್ಗದ ಹತ್ತಿರ ಕೂತವರು ಇಬ್ಬರು. ಹತ್ತು ದಿನ, ಇಬ್ಬರು, ಅಂದರೆ ಇಪ್ಪತ್ತು ಆಳಿನ ಕೆಲಸ. ತಲೆಗೆ ದಿನಕ್ಕೆ 225. ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಬೇರೆ. ಮೊದಲು ಅಜ್ಜಿ ಸುತ್ತುತ್ತಿದ್ದರು, ಈಗ ಅಮ್ಮನೇ ಬೆಳಗ್ಗೆ ಒಲೆ ಹಚ್ಚುವ ಮುಂಚೆ, ರಾತ್ರಿ ಪಾತ್ರೆ ತೊಳೆದ ಮೇಲೆ ರಾಟೆ ಮುಂದೆ ಕೂರುತ್ತಾರೆ. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು, ಅಂದರೆ ಒಂದು ಹಾಸು, ಮುಗಿದರೆ ಹಳೆಯ ಎಳೆಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು, ಸಾವಿರಾರು ಎಳೆ. ಆ ದಿನಗಳಿಗೆ ಕೂಲಿ ಇಲ್ಲ. ಮಳೆ ಜೋರಾದರೆ ಗುಂಡಿಯಲ್ಲಿ ತೇವ ಏಳುತ್ತದೆ, ಆಗಲೂ ಮಗ್ಗ ನಿಲ್ಲುತ್ತದೆ.

ಈಗ ಇದನ್ನು ನೋಡು. ನರೇಗಾದಲ್ಲಿ ಕರ್ನಾಟಕದ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಹೊಲದಲ್ಲಿ ಗುಂಡಿ ತೋಡಿದರೆ 370, ಮನೆಯಲ್ಲಿ ಗುಂಡಿಯೊಳಗೆ ಕೂತು ರೇಷ್ಮೆ ನೇಯ್ದರೆ 225. ಈ ಮಾತು ಅಪ್ಪನ ಮುಂದೆ ಒಂದೇ ಸಲ ಹೇಳಿದೆ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅವರಿಗೆ ಸಿಟ್ಟು ಬಂದದ್ದು ಲೆಕ್ಕದ ಮೇಲಲ್ಲ. ನಾನು ಎರಡೂ ಗುಂಡಿಯನ್ನು ಒಂದೇ ವಾಕ್ಯದಲ್ಲಿ ಹೇಳಿದ್ದರ ಮೇಲೆ.

ಹಾಗಾದರೆ ಕೂಲಿ ಜಾಸ್ತಿ ಕೇಳಬಾರದಾ, ಬೇರೆ ಸಾಹುಕಾರರ ಹತ್ತಿರ ಹೋಗಬಾರದಾ? ಇಲ್ಲಿದೆ ನೋಡು ಗಂಟು. ನನ್ನ ಎಂ.ಎ., ಅಕ್ಕನ ಮದುವೆ, ಎರಡಕ್ಕೂ ಸೇರಿ ಅಪ್ಪ ಸಾಹುಕಾರರ ಹತ್ತಿರ ಮುಂಗಡ ತೆಗೆದುಕೊಂಡಿದ್ದಾರೆ. ಪ್ರತಿ ಸೀರೆಗೆ 500 ಮುರಿದುಕೊಳ್ಳುತ್ತಾರೆ. ಬಾಕಿ ತೀರುವವರೆಗೆ ಬೇರೆ ಕಡೆ ಹೋಗುವ ಹಾಗಿಲ್ಲ. ಹೋಗಬೇಕೆಂದರೆ ಹೊಸ ಸಾಹುಕಾರರು ಹಳೆಯ ಬಾಕಿ ಕಟ್ಟಬೇಕು, ಆಗ ಅವರ ಬಾಕಿ ಶುರು. ಬಾಕಿ ಸ್ವಲ್ಪ ಇಳಿಯಿತು ಅನ್ನುವಾಗ ಯಾರಿಗೋ ಆಪರೇಷನ್, ಇಲ್ಲ ಮಗುವಿನ ನಾಮಕರಣ. ಇಪ್ಪತ್ತು ವರ್ಷದಿಂದ ಅದೇ ನೋಟುಬುಕ್ಕು, ರಟ್ಟು ಮಾತ್ರ ಬದಲಾಗಿದೆ. ಹಾಗಂತ ಸಾಹುಕಾರರು ಸಿನಿಮಾದ ಕೇಡಿಯಲ್ಲ. ಲಾಕ್‌ಡೌನಿನಲ್ಲಿ ಸೀರೆ ಕೊಳ್ಳುವವರೇ ಇಲ್ಲದಾಗ ಮನೆಗೆ ಅಕ್ಕಿ ಮೂಟೆ ಕಳಿಸಿದ್ದರು. ಆಮೇಲೆ ಅದನ್ನೂ ನೋಟುಬುಕ್ಕಿನಲ್ಲಿ ಬರೆದರು.

ಕಳೆದ ದೀಪಾವಳಿಗೆ ಮುಂಚೆ ಅಪ್ಪ ಒಪ್ಪಿಸಿದ ಸೀರೆಯ ಸೆರಗಿನ ಹತ್ತಿರ ಅಕ್ಕಿಕಾಳಿನಷ್ಟು ಎಣ್ಣೆ ಕಲೆ. ಡ್ಯಾಮೇಜ್ ಅಂತ 300 ಮುರಿದರು. ಅಪ್ಪ ಬಂದು ಸುಮ್ಮನೆ ಗೋಡೆಗೆ ಒರಗಿ ಕೂತರು. ಆಮೇಲೆ ಎಂದಿನ ಹಾಗೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯನ್ನು ನೆನೆದು "ಮಾಡಿದಷ್ಟು ನೀಡು ಭಿಕ್ಷೆ" ಅಂದರು. ನಮ್ಮ ಜಿಲ್ಲೆಯಲ್ಲಿ ಈ ಮಾತು ಕೇಳದ ಮನೆ ಇಲ್ಲ. ಸ್ವಾಮಿ ಕೆರೆ ಕಟ್ಟಿಸುವಾಗ ಕೂಲಿಗೆ ಬಂದವರಿಗೆಲ್ಲ ಒಂದೊಂದು ಮರಳಿನ ಗುಡ್ಡೆ ತೋರಿಸಿದರಂತೆ, ಕೆದಕಿದರೆ ಅವರವರು ದುಡಿದಷ್ಟೇ ದುಡ್ಡು ಸಿಗುತ್ತಿತ್ತಂತೆ. ಅಮ್ಮ ರಾಟೆ ತಿರುಗಿಸುತ್ತಿದ್ದವರು ತಲೆ ಎತ್ತದೆ ನನಗೆ ಹೇಳಿದರು: "ಹಂಗಾದ್ರೆ ನನ್ ಗುಡ್ಡೆ ಎಲ್ಲೈತೆ ಅಂತ ಕೇಳು ನಿಮ್ಮಪ್ಪನ್ನ."

ಅಪ್ಪ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಸಾಹುಕಾರರ ನೋಟುಬುಕ್ಕಿನಲ್ಲಿ ಇರುವುದು ಅಪ್ಪನ ಹೆಸರು ಒಂದೇ.

ಸರ್ಕಾರ ಏನೂ ಕೊಡುವುದಿಲ್ಲ ಅಂತ ಹೇಳುತ್ತಿಲ್ಲ. 2020ರಲ್ಲಿ ನೇಕಾರ ಸಮ್ಮಾನ್ ಅಂತ ವರ್ಷಕ್ಕೆ 2 ಸಾವಿರ ಶುರುವಾಯಿತು, ಆಮೇಲೆ 5 ಸಾವಿರ ಆಯಿತು. ಅದಕ್ಕೆ ಸ್ವಲ್ಪ ಮುಂಚೆ, 2019ರ ಡಿಸೆಂಬರಿನಲ್ಲಿ, ಆಂಧ್ರದಲ್ಲಿ ನೇತನ್ನ ನೇಸ್ತಂ ಶುರುವಾಗಿತ್ತು. ಸ್ವಂತ ಮಗ್ಗ ಇದ್ದವರಿಗೆ ವರ್ಷಕ್ಕೆ 24 ಸಾವಿರ. 2023ರವರೆಗೆ ಐದು ಸಲ ಕೊಟ್ಟರು. ಆ ಐದು ವರ್ಷ ರಾಯದುರ್ಗದ ಮಾವ ಹಬ್ಬಕ್ಕೆ ಬಂದಾಗಲೆಲ್ಲ ಎಷ್ಟು ನಿಧಾನವಾಗಿ ವೀಳ್ಯದೆಲೆ ಮಡಿಸುತ್ತಿದ್ದರು ಅಂತೀಯ! "ನಿಮ್ ಕಡೆ ಎಷ್ಟಪ್ಪಾ?" ಅಂತ ಪ್ರತಿ ಸಲ ಕೇಳುವುದು, ಗೊತ್ತಿದ್ದೂ ಕೇಳುವುದು. ಅಪ್ಪನೂ ಬಿಡುತ್ತಿರಲಿಲ್ಲ. "ನರೇಗಾ ನಮ್ಮ ಕಡೆ ಜಾಸ್ತಿ" ಅನ್ನುತ್ತಿದ್ದರು. ಅದೂ ನಿಜವೇ, 2025-26ರಲ್ಲಿ ಆಂಧ್ರದ್ದು 307, ನಮ್ಮದು 370. ನರೇಗಾದಲ್ಲಿ ಒಂದು ದಿನವೂ ಗುದ್ದಲಿ ಹಿಡಿಯದ ಅಪ್ಪ ಕರ್ನಾಟಕದ ಮಾನ ಉಳಿಸುತ್ತಿದ್ದದ್ದು ಹೀಗೆ. ಇವರನ್ನೇ ನೀನು ಆಂಧ್ರದವರಾ ಅಂತ ಕೇಳಿದ್ದು.

ಹೊರಗಿನಿಂದ ಕಾಣುವುದಕ್ಕಿಂತ ಕಮ್ಮಿ ಸಂಪಾದಿಸುವವರೇ ಎಲ್ಲರೂ ಅಂತ ತಿಳಿಯಬೇಡ. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರಿದ್ದಾರೆ, ಬೋರ್‌ವೆಲ್ ಪಾಯಿಂಟ್ ಮಾಡುವವರು. ಹರಕು ಲುಂಗಿ, ಹಳೇ ಟಿವಿಎಸ್, ನೋಡಿದರೆ ನೀನೇ ಹತ್ತು ರೂಪಾಯಿ ಕೊಟ್ಟುಬಿಡುತ್ತೀಯ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರೆ, ನೀರಿರುವ ಕಡೆ ಕಾಯಿ ಎದ್ದು ನಿಲ್ಲುತ್ತದಂತೆ. ಒಂದು ಪಾಯಿಂಟಿಗೆ 2 ಸಾವಿರ. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಕಡೆ ಕರೆಯುತ್ತಾರೆ. ಬೋರು ಫೇಲಾದರೆ ದುಡ್ಡು ವಾಪಸ್ ಇಲ್ಲ, ತಪ್ಪು ಬೋರ್ ಕೊರೆಯುವ ಗಾಡಿಯವರದ್ದು, ಇಲ್ಲ ಹೊಲದವರ ಹಣೆಬರಹದ್ದು. ನಾನು ಸೆಮಿಸ್ಟರ್ ಪೂರ್ತಿ ಪಾಠ ಮಾಡಿ ಒಬ್ಬ ಹುಡುಗ ಫೇಲಾದರೆ ಪ್ರಿನ್ಸಿಪಾಲರು ಕರೆದು ಕೇಳುತ್ತಾರೆ. ನನಗೆ ಆ ಪಾಯಿಂಟಿನವರ ಮೇಲೆ ಹೊಟ್ಟೆಕಿಚ್ಚಾ? ಹೌದು, ಇದೆ. ಅತ್ತಿಗೆಯ ಹೆರಿಗೆಗೆ ಕೈಸಾಲ ಕೊಟ್ಟವರೂ ಅವರೇ.

ಇನ್ನು ನಿನ್ನ ಅರ್ಧ ರೇಟಿನ ಸೀರೆ. ಅದು ನಾವು ಮಾರುವ ಸೀರೆ ಅಲ್ಲ ಕಣೋ, ನಮ್ಮ ಮನೆಯಲ್ಲಿ ಹತ್ತು ದಿನ ಇದ್ದು ಹೋಗುವ ಸೀರೆ. ಅಮ್ಮನೇ ನಲವತ್ತು ವರ್ಷದಿಂದ ಅಂಚಿನ ಲಾಳಿ ದಾಟಿಸಿದ್ದಾರೆ, ಅವರ ಪೆಟ್ಟಿಗೆಯಲ್ಲಿ ಮೊಳಕಾಲ್ಮೂರು ಸೀರೆ ಇರುವುದು ಒಂದೇ, ಅದೂ ಮದುವೆಯದ್ದು. ನಿನಗೆ ಬೇಕೇ ಬೇಕು ಅಂದರೆ ಒಂದು ದಾರಿ ಇದೆ. ರೇಷ್ಮೆ, ಜರಿಗೆ ನೀನೇ ದುಡ್ಡು ಹಾಕು. ಸಾಹುಕಾರರಿಗೆ ನಾನು ಹೇಳಿ ಒಪ್ಪಿಸುತ್ತೇನೆ, ವರ್ಷಕ್ಕೆ ಒಂದು ಸೀರೆ ಅವರು ಸುಮ್ಮನಿರುತ್ತಾರೆ. ಕೂಲಿ 7 ಸಾವಿರ. ಅದರಲ್ಲಿ ಅರ್ಧ ಅಪ್ಪನ ಕೈಗೆ, ಅರ್ಧ ಅಮ್ಮನ ಕೈಗೆ, ಬೇರೆ ಬೇರೆ ಕೊಡಬೇಕು. ಗೂಗಲ್ ಪೇ ಬೇಡ, ಅಮ್ಮನ ಹತ್ತಿರ ಅದಿಲ್ಲ.

ಮದುವೆ ಯಾವಾಗ ಅಂತ ಹೇಳಲೇ ಇಲ್ಲ ನೀನು. ಒಂದು ತಿಂಗಳು ಮುಂಚೆ ಬಣ್ಣ ತಿಳಿಸು. ಬರುವುದಾದರೆ ಬಳ್ಳಾರಿ ಬಸ್ ಹತ್ತಿ ನಮ್ಮ ತಾಲ್ಲೂಕಿನ ಹಾನಗಲ್ಲಿನಲ್ಲಿ ಇಳಿದು ಫೋನ್ ಮಾಡು. ಹೋಟೆಲು ಅಂತೆಲ್ಲ ಹುಡುಕಬೇಡ, ಮನೆಗೇ ಬಾ, ಅಮ್ಮ ಮುದ್ದೆ ಮಾಡುತ್ತಾರೆ. ಒಳಗೆ ಬರುವಾಗ ಮಾತ್ರ ಕಾಲ ಕೆಳಗೆ ನೋಡಿಕೊಂಡು ಬಾ, ಬಾಗಿಲು ದಾಟಿದರೆ ಗುಂಡಿ.