ಮೂರು ಮಾತ್ರೆ ನುಂಗಿದರೂ ಇಳಿಯದ ಬಿಪಿ

ಪ್ರಶ್ನೆ: ಅಮ್ಮನಿಗೆ 61 ವರ್ಷ. ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್, ಜೊತೆಗೆ ಮೂತ್ರ ಹೋಗಲು ಕೊಡುವ ಕ್ಲೋರ್ಥಾಲಿಡೋನ್, ಮೂರನ್ನೂ ತಪ್ಪದೆ ತೆಗೆದುಕೊಳ್ಳುತ್ತಾರೆ. ಆದರೂ ಬಿಪಿ 160/100ರ ಕೆಳಗೆ ಬರುತ್ತಿಲ್ಲ. ಮಂಡಿನೋವು ಬಿಟ್ಟರೆ ಬೇರೆ ತೊಂದರೆ ಇಲ್ಲ. ನಾಲ್ಕನೇ ಮಾತ್ರೆ ಬೇಕು ಅಂತಾರೆ ಡಾಕ್ಟರು. ಬೇಕಾ?
ಓದುಗರು, ಹಾಸನ

ಉತ್ತರ: ಮಂಡಿನೋವಿಗೆ ಅಮ್ಮ ಏನು ತೆಗೆದುಕೊಳ್ಳುತ್ತಾರೆ ಅಂತ ಬರೆದೇ ಇಲ್ಲವಲ್ಲ? ಮೊದಲು ಅದನ್ನು ಕೇಳಿ. ನನ್ನ ಹತ್ತಿರ ಬರುವ ಅಜ್ಜಿಯೊಬ್ಬರ ಬಿಪಿ ತಿಂಗಳುಗಟ್ಟಲೆ ಇಳಿದಿರಲಿಲ್ಲ. ಬೇರೆ ಏನಾದರೂ ನುಂಗ್ತೀರಾ ಅಂದರೆ ಇಲ್ಲ ಅನ್ನುತ್ತಿದ್ದರು. ಒಂದು ದಿನ ಎಲೆಅಡಿಕೆ ಚೀಲದಿಂದ ಡೈಕ್ಲೋಫೆನಾಕ್ ಸ್ಟ್ರಿಪ್ ಹೊರಗೆ ಬಂತು. "ಇದು ಬಿಪಿದಲ್ಲ ಸಾರ್, ಕಾಲಿಂದು" ಅಂದರು!

ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು ನೀರು ನಿಲ್ಲುವಂತೆ ಮಾಡುತ್ತವೆ, ಬಿಪಿ ಮಾತ್ರೆ ಒಂದು ಕಡೆ ಎಳೆದರೆ ಇವು ಇನ್ನೊಂದು ಕಡೆ ಎಳೆಯುತ್ತವೆ, ಅದರಲ್ಲೂ ಟೆಲ್ಮಿಸಾರ್ಟಾನ್ ಮತ್ತು ಮೂತ್ರದ ಮಾತ್ರೆ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು. ಹಾಗಂತ ಸುಮ್ನೆ ನೋವು ಸಹಿಸಿಕೊಳ್ಳಿ ಅನ್ನುತ್ತಿಲ್ಲ. ಬದಲಿಗೆ ಏನು ಕೊಡಬಹುದು ಅಂತ ಡಾಕ್ಟರನ್ನೇ ಕೇಳಿ, ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆಯೂ ಆಗಲಿ. ಕೆಮ್ಮಿಗೆ ಜೇಷ್ಠಮಧು ಜಗಿಯುವ ಅಭ್ಯಾಸ ಇದ್ದರೆ ಅದನ್ನೂ ಹೇಳಿ, ಅದೂ ಬಿಪಿ ಏರಿಸುತ್ತದೆ.

ಇನ್ನು ಉಪ್ಪು. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ, ಅದರಲ್ಲೇ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಬರಬೇಕು. ಸಾರಿಗೆ ಉಪ್ಪು ಕಡಿಮೆ ಮಾಡಿ ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ ಬಡಿಸಿದರೆ ಲೆಕ್ಕ ಅಲ್ಲಿಗೇ ಬಂತು ಅಲ್ವಾ?

ಬಿಪಿ ನೋಡುವ ರೀತಿಯೂ ಮುಖ್ಯ. ಮೆಟ್ಟಿಲು ಹತ್ತಿ ಬಂದ ಕೂಡಲೇ ಸ್ವೆಟರ್ ತೋಳಿನ ಮೇಲೆ ಪಟ್ಟಿ ಸುತ್ತಿದರೆ ಬರುವ ಅಂಕಿ ನಂಬಬೇಡಿ. ಐದು ನಿಮಿಷ ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಮಾತಾಡದೆ ಕೂರಲಿ. ಕೈ ಎದೆಯ ಮಟ್ಟಕ್ಕಿರಲಿ. ಒಂದು ವಾರ ಬೆಳಿಗ್ಗೆ ಸಂಜೆ ಎರಡೆರಡು ಸಲ ನೋಡಿ ಬರೆದಿಡಿ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಜಾಸ್ತಿಯೇ.

ಇಷ್ಟಾದರೂ ಇಳಿಯದಿದ್ದರೆ ನಿಮ್ಮ ಡಾಕ್ಟರು ಹೇಳಿದ್ದು ಸರಿ. ಸಾಮಾನ್ಯವಾಗಿ ಸ್ಪೈರೊನೊಲ್ಯಾಕ್ಟೋನ್ ಸೇರಿಸುತ್ತಾರೆ, ಪೊಟ್ಯಾಸಿಯಂ ಮೇಲೆ ಕಣ್ಣಿಟ್ಟು. ಅದಕ್ಕೆ ಮುಂಚೆ ಆಲ್ಡೊಸ್ಟೆರೋನ್ (ಮೈಯಲ್ಲಿ ಉಪ್ಪು ಹಿಡಿದಿಡುವ ಹಾರ್ಮೋನ್) ಪರೀಕ್ಷೆ ಮಾಡಿಸಬಹುದಾ ಅಂತ ಕೇಳಿ. ಅಮ್ಮ ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದ ಹಾಗೆ ಆಗುತ್ತಾ, ಅದನ್ನೂ ಗಮನಿಸಿ ಹೇಳಿ, ಬಿಪಿ ಇಳಿಯದಿರಲು ಅದೂ ಕಾರಣ ಇರಬಹುದು. ಈಗಿರುವ ಮೂರು ಮಾತ್ರೆಗಳಲ್ಲಿ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಬಿಪಿ 180/120 ದಾಟಿ ಎದೆನೋವು, ಏದುಸಿರು, ಮಾತು ತೊದಲುವುದು ಶುರುವಾದರೆ ಆಗಲೇ ಆಸ್ಪತ್ರೆಗೆ ಹೊರಡಿ.